ಕೆಂಪು ಚುಕ್ಕೆಯಿಲ್ಲದ ಜಾಯಿಂಟು

ಆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಬೆಳಿಗ್ಗೆ ಹತ್ತಕ್ಕೇ ಹೇಳಿದ್ದೆ. ನಮ್ಮ ಭಾವನಿಗೆ ಮಾತ್ರ ‘ಇಲ್ಲ’ ಎಂಬ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗುತ್ತದೆ.

ಭಾವ ಎಂದರೆ ಅಕ್ಕನ ಗಂಡ, ಕೆಲಸದಲ್ಲಿ ನನ್ನ ಸೂಪರ್‌ವೈಸರ್. ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳನ್ನು ಕರಗಿಸಿ ಬೆಸೆಯುವುದು ನನ್ನ ಕೆಲಸ; ಹನ್ನೊಂದು ವರ್ಷದ ಹಿಂದೆ ಕಲಿಸಿದವರೂ ಅವರೇ. ಆಸ್ಪತ್ರೆಯ ಹೊಸ ಕಟ್ಟಡದಿಂದ ಹಳೆಯದಕ್ಕೆ ಎಳೆದ ಫೈಬರ್ ಕೇಬಲ್ ಎರಡು ದಿನದಿಂದ ಕೈಕೊಟ್ಟಿತ್ತು. ಸ್ಕ್ಯಾನ್ ಚಿತ್ರಗಳನ್ನು ನರ್ಸುಗಳು ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಬೆಸುಗೆ ಕೆಟ್ಟಿದೆ, ತಪ್ಪು ನನ್ನದು ಎಂದು ಭಾವ ತಂದ ಕಾಗದದಲ್ಲಿತ್ತು. ಸಹಿ ಬಿದ್ದರೆ ನನ್ನ ಲೈಸೆನ್ಸ್ ಹೋಯಿತೆಂದೇ ಲೆಕ್ಕ.

ಅಷ್ಟರಲ್ಲಿ ಅಕ್ಕನ ಫೋನು. “ಒಂದು ಸಹಿ ತಾನೇ, ಹಾಕೇ. ಇವರ ಕೆಲಸ ಹೋದ್ರೆ ನಾವು ನಾಲ್ಕು ಜನ ಎಲ್ಲಿಗೆ ಹೋಗೋಣ?”

“ತಪ್ಪು ನಂದು ಅಂತ ಬರೆದಿದೆಯಲ್ಲಕ್ಕಾ. ಭಾವನ ಕೆಲಸ ಯಾಕೆ ಹೋಗುತ್ತೆ?”

ಅಕ್ಕ ಫೋನಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡು ಸೀದಾ ಆಸ್ಪತ್ರೆಯ ಎಂಜಿನಿಯರಮ್ಮನ ಮುಂದೆ ನಿಂತೆ. ಭಾವ ಹಿಂದೆಯೇ ಓಡಿ ಬಂದರು.

“ಅರ್ಧ ಗಂಟೆ ಕೊಡಿ ಮೇಡಂ,” ಎಂದೆ. “ಆಮೇಲೆ ಲೈಸೆನ್ಸ್ ನಾನೇ ನಿಮ್ಮ ಮೇಜಿನ ಮೇಲಿಡ್ತೀನಿ, ಬೇಕಾದ್ರೆ.”

ಹೊಸ ಕಟ್ಟಡದಲ್ಲಿ ಒಂದು ಎಳೆಗೆ ಬೆಳಕು ಬಿಟ್ಟು, ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಅಳೆದೆವು. ಬೆಳಕು ಹೆಚ್ಚುಕಮ್ಮಿ ಪೂರ್ತಿ ಬಂದಿತ್ತು. ಅದೇ ಎಳೆಗೆ ಮೂರನೇ ಮಹಡಿಯಿಂದ ಬಿಟ್ಟೆವು. ನೂರರಲ್ಲಿ ಐದು ಪಾಲೂ ಬರಲಿಲ್ಲ.

“ಕೆಟ್ಟ ಜಾಯಿಂಟು ಹೋಗೋವಾಗಲೂ ಕೆಟ್ಟದ್ದೇ, ಬರೋವಾಗಲೂ ಕೆಟ್ಟದ್ದೇ,” ಎಂದೆ. “ಇದು ಒಂದು ಕಡೆಗೆ ಮಾತ್ರ ಮುನಿಸಿಕೊಂಡಿದೆ. ಅಂದ್ರೆ ಎಳೆಯ ಜಾತಿಯೇ ಬೇರೆ. ನಾನು ಹಾಕಿದ್ದು ಸಿಂಗಲ್ ಮೋಡ್. ಅದರೊಳಗಿನ ದಾರಿ ಬಲು ಸಣ್ಣದು, ಬೆಳಕು ಒಂದೇ ಹಾದಿ ಹಿಡಿದು ಮೈಲುಗಟ್ಟಲೆ ಹೋಗುತ್ತೆ. ಮೂರನೇ ಮಹಡಿ ಕಡೆ ಯಾರೋ ಮಲ್ಟಿಮೋಡ್ ಸೇರಿಸಿದ್ದಾರೆ. ಮಲ್ಟಿಮೋಡ್‌ನ ದಾರಿ ಅಗಲ. ಬೆಳಕು ಅಂಚಿಗೆ ಬಡಿದು ಬಡಿದು ನೂರಾರು ಹಾದಿ ಹಿಡಿಯುತ್ತೆ, ಮೈತುಂಬ ಹರಡುತ್ತೆ. ಬಾಟಲಿಯಿಂದ ಕೊಡಕ್ಕೆ ನೀರು ಸುರೀರಿ, ಚೆಲ್ಲಲ್ಲ. ಕೊಡದಿಂದ ಬಾಟಲಿಗೆ ಸುರಿದು ನೋಡಿ!”

“ಏನು ಕಥೆ ಹೇಳ್ತಿದ್ದೀಯ?” ಎಂದರು ಭಾವ. “ಎಲ್ಲಾ ಹಳದಿ ಕೇಬಲ್ಲೇ. ಕಣ್ಣು ಕಾಣಲ್ವಾ?”

ಸಿಂಗಲ್ ಮೋಡ್‌ಗೆ ಹಳದಿ ಹೊದಿಕೆ, ಮಲ್ಟಿಮೋಡ್‌ಗೆ ಕಿತ್ತಳೆ. ಅಲ್ಲಿ ಕಾಣುತ್ತಿದ್ದದ್ದೆಲ್ಲ ಹಳದಿಯೇ, ನಿಜ. ಬೆಸುಗೆಯ ಡಬ್ಬಿ ತೆರೆದೆ. ಪ್ರತಿ ಬೆಸುಗೆಯನ್ನು ಮುಚ್ಚುವ ಪುಟ್ಟ ಕೊಳವೆಯ ಮೇಲೂ ಉಗುರುಬಣ್ಣದಲ್ಲಿ ಎರಡು ಕೆಂಪು ಚುಕ್ಕೆ ಇಡುವುದು ನನ್ನ ರೂಢಿ. ‘ನಿನ್ನ ಜಾಯಿಂಟಿಗೆ ನಿನ್ನ ಗುರುತಿರಬೇಕು, ಇನ್ನೊಬ್ಬರದ್ದನ್ನ ಮುಟ್ಟಬಾರದು’ ಎಂದು ಕಲಿಸಿದ್ದು ಇದೇ ಮಹಾನುಭಾವರು! ಹನ್ನೆರಡು ಕೊಳವೆಗಳಲ್ಲಿ ಹತ್ತಕ್ಕೆ ಚುಕ್ಕೆ ಇತ್ತು. ಈಗ ಬಳಕೆಯಲ್ಲಿರುವ, ಕಟ್ಟಡಗಳ ನಡುವೆ ಮಾಹಿತಿ ಹೋಗಿಬರುವ ಎರಡಕ್ಕೆ ಇರಲಿಲ್ಲ.

ಅಲ್ಲಿಂದ ಹೊರಟ ಕೇಬಲ್ಲಿನ ಹಳದಿ ಟೇಪನ್ನು ಉಗುರಿನಿಂದ ಕೆರೆದು ಎಳೆದೆ. ಒಳಗೆ ಕಿತ್ತಳೆ ಬಣ್ಣ.

“ಮೊನ್ನೆ, ಕೇಬಲ್ ಬಂದು ಸೇರೋ ಕಪಾಟನ್ನ ಮೂರನೇ ಮಹಡಿಗೆ ಸಾಗಿಸಿದಾಗ ಉದ್ದ ಸಾಲಲಿಲ್ಲ,” ಎಂದರು ಭಾವ. “ಸ್ಟೋರಿನಲ್ಲಿ ಒಂದು ತುಂಡಿತ್ತು. ಬೆಸೆದಾಗ ಮಷೀನು ನಷ್ಟ ಇಲ್ಲ ಅಂತ ತೋರಿಸ್ತು.”

“ಹೊರಗಿನ ದಪ್ಪ ಎರಡಕ್ಕೂ ಒಂದೇ, ಭಾವ. ಮಷೀನು ಅದನ್ನ ನೋಡಿ ಅಂದಾಜು ಹೇಳುತ್ತೆ. ಅದೂ ನೀವೇ ಕಲಿಸಿದ್ದು.”

“ಅಕ್ಕನ ಮುಖ ನೋಡಿಯಾದ್ರೂ...” ಎಂದು ಪಿಸುಗುಟ್ಟಿದರು.

“ಟೇಪ್ ಸುತ್ತೋವಾಗ ನೀವು ಯಾರ ಮುಖ ನೋಡಿದ್ರಿ?” ನಾನು ದನಿ ತಗ್ಗಿಸಲಿಲ್ಲ. “ತಪ್ಪಾಯ್ತು ಅಂದಿದ್ರೆ ಇಬ್ಬರೂ ಸೇರಿ ಒಂದೇ ಮಧ್ಯಾಹ್ನದಲ್ಲಿ ಸರಿ ಮಾಡ್ತಿದ್ವಿ. ನನ್ನ ಕುತ್ತಿಗೆಗೆ ಕಟ್ಟೋಕೆ ಬಂದ್ರಲ್ಲ, ಅದನ್ನ ನಾನು ಸಹಿಸಲ್ಲ.” ಕಾಗದವನ್ನು ತಿರುಗಿಸಿ ಖಾಲಿ ಬೆನ್ನು ಮೇಲೆ ಮಾಡಿ ಅವರ ಮುಂದಿಟ್ಟೆ. “ಬರೀರಿ.”

ಎಂಜಿನಿಯರಮ್ಮ ತಮ್ಮ ಪೆನ್ನು ಕೊಟ್ಟರು. ಭಾವ ಬರೆದರು.

ಕಿತ್ತಳೆ ತುಂಡನ್ನು ಕಿತ್ತು, ಹೊಸ ಹಳದಿ ಕೇಬಲ್ ಎಳೆದು ಬೆಸೆದೆ. ಸಂಜೆ ನಾಲ್ಕಕ್ಕೆ ಎರಡೂ ಕಟ್ಟಡಗಳಲ್ಲಿ ಹಸಿರು ದೀಪ ಹತ್ತಿತು. ಎರಡೆರಡು ಚುಕ್ಕೆ ಇಟ್ಟು ಡಬ್ಬಿ ಮುಚ್ಚಿದೆ.

ಮೆಟ್ಟಿಲಿಳಿಯುವಾಗ ಅಕ್ಕನ ಫೋನು ಬಂತು. ಅಳುತ್ತಿದ್ದಳು. “ಎಲ್ಲರ ಮುಂದೆ ಅವರ ಮರ್ಯಾದೆ ತೆಗೆದೆಯಲ್ಲೇ. ಇನ್ನು ಈ ಮನೆಗೆ ಯಾವ ಮುಖ ಇಟ್ಕೊಂಡು ಬರ್ತೀಯ?”

“ಇದೇ ಮುಖ ಇಟ್ಕೊಂಡು, ಅಕ್ಕ,” ಎಂದೆ. “ಇವತ್ತು ರಾತ್ರಿ ಊಟಕ್ಕೇ ಬರ್ತೀನಿ. ನನ್ನ ತಟ್ಟೆ ಭಾವನ ಎದುರಿಗೇ ಹಾಕು.”