ಹಸಿರು ತೋರಿಸಿದ ಮೊಬೈಲ್ ನಾನು

ನಾನು ಒಂದು ಮೊಬೈಲ್. ಸಿಮ್ ಇದ್ದೂ ಯಾರೂ ನನ್ನಲ್ಲಿ ಒಮ್ಮೆಯೂ ಹಲೋ ಅಂದಿಲ್ಲ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಹೊಟ್ಟೆಯೊಳಗೆ ಸಾಸಿವೆಕಾಳಿನಷ್ಟು ಒಂದು ಭಾಗ ಕೂಡಿಸಿದರು. ಕಟ್ಟಿಕೊಂಡವರು ಎಷ್ಟು ವಾಲಿದರು, ಎಷ್ಟು ನಡುಗಿದರು ಎಂಬುದು ಅದಕ್ಕೆ ತಿಳಿಯುತ್ತದೆ. ಆ ಗುಣಕ್ಕಾಗಿಯೇ ಗದಗಿನ ಒಂದು ಆಸ್ಪತ್ರೆಯವರು ನನ್ನನ್ನು ಕೊಂಡರು. ಲಕ್ವಾ ಹೊಡೆದು ಬದುಕಿದವರು ಬೀಳುವ ಭಯವಿದೆಯೋ ಇಲ್ಲವೋ ಎಂದು ಮೊದಲೇ ಹೇಳುವುದು ನನ್ನ ನೌಕರಿ. ಭಯವಿದ್ದರೆ ಕೆಂಪು, ಅನುಮಾನವಿದ್ದರೆ ಹಳದಿ, ಇಲ್ಲದಿದ್ದರೆ ಹಸಿರು. ಜ್ಯೋತಿಷಿಗಿಂತ ನಾನೇ ಮೇಲು ಎಂಬ ಜಂಬವೂ ಇತ್ತು.

ವ್ಯಾಯಾಮ ಮಾಡಿಸುವ ನಫೀಸಾ ಮೇಡಂ ನನ್ನನ್ನು ಒಂದು ಬೆಲ್ಟಿಗೆ ಸೇರಿಸಿ, ಲಕ್ವಾ ಹೊಡೆದಿದ್ದ ಅಡಿವೆಪ್ಪನವರ ಹಳ್ಳಿಗೆ ಕಳಿಸಿದರು. ಅಡಿವೆಪ್ಪನವರು ಬಸ್ ಕಂಡಕ್ಟರ್. ಇಪ್ಪತ್ತೆಂಟು ವರ್ಷ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಕೊಟ್ಟವರು. ಈಗ ಎಡಗಾಲೇ ಕೈಕೊಟ್ಟಿತ್ತು. ಡ್ಯೂಟಿಯ ಆಸೆ ಅವರಿಗೆ ಉಳಿದಿರಲಿಲ್ಲ.

"ಬಚ್ಚಲಕ್ಕ ಒಬ್ಬನ ಹೋಗಿ ಬಂದ್ರ ಸಾಕ್ರಿ. ಹೆಂಡ್ತಿ ಕಡಿಂದ ಎತ್ತಿಸಿಕೊಳ್ಳೂದು ಸಾಕಾಗೇತಿ," ಎಂದು ಮೇಡಂ ಮುಂದೆ ಅತ್ತಿದ್ದರು.

ದಿನಾ ಬೆಳಿಗ್ಗೆ ನನ್ನನ್ನು ಸೊಂಟದ ಹಿಂದೆ ಕಟ್ಟಿಕೊಂಡು, ಕಾಲು ಜೋಡಿಸಿ, ಕಣ್ಣು ಮುಚ್ಚಿ, ಏನನ್ನೂ ಹಿಡಿಯದೆ ಅರ್ಧ ನಿಮಿಷ ನಿಲ್ಲಬೇಕು. ಪಕ್ಕದಲ್ಲಿ ಒಬ್ಬರು ಇರಲಿ ಎಂದು ಮೇಡಂ ಹೇಳಿದ್ದರು. ಹೆಂಡತಿ ಫಕೀರವ್ವ ಇದ್ದರು. ಆದರೆ ಹೊಸದಾಗಿ ಹೆಜ್ಜೆ ಇಡುವ ಕೂಸುಗಳನ್ನು ಉಡದಾರ ಹಿಡಿದು ನಿಲ್ಲಿಸಿಯೇ ಅವರಿಗೆ ರೂಢಿ. ಹಿಂದೆ ನಿಂತು, ಗಂಡನ ಉಡದಾರಕ್ಕೂ ಎರಡು ಬೆರಳು ಸೇರಿಸಿಬಿಡುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಹಿಡಿದ ಹಾಗೇ ಅಲ್ಲ. ಅಡಿವೆಪ್ಪನವರು ವಾಲುವ ಮೊದಲೇ ಆ ಬೆರಳು ಬಿಗಿಯಾಗುತ್ತಿದ್ದವು. ನಾನು ಅಳೆದದ್ದು ಫಕೀರವ್ವನ ಕೈಬಲವನ್ನು. ಅದನ್ನು ಹೇಳೋಣವೆಂದರೆ ನನಗಿರುವುದು ಮೂರು ಬಣ್ಣ ಮಾತ್ರ. ಹನ್ನೆರಡು ದಿನವೂ ಹಸಿರನ್ನೇ ತೋರಿಸಿದೆ.

ನನ್ನ ಸಿಮ್ ದಿನಾ ಕಳಿಸುತ್ತಿದ್ದ ಆ ಬಣ್ಣವನ್ನು ಗದಗಿನಲ್ಲಿ ನೋಡಿದ ಮೇಡಂ, ಇನ್ನು ಮನೆಯೊಳಗೆ ಒಬ್ಬರೇ ಓಡಾಡಬಹುದು ಎಂದು ತಿಳಿಸಿದರು. ಫಕೀರವ್ವ ಅಂದು ಖುಷಿಗೆ ಸಿಹಿ ಮಾದಲಿ ಮಾಡಿದರು. ಮರುದಿನ ಅಡಿವೆಪ್ಪನವರು ತಾಯಿತದ ಹಾಗೆ ನನ್ನನ್ನು ಕಟ್ಟಿಕೊಂಡು, ಹೆಂಡತಿಯನ್ನು ಒಲೆಯ ಮುಂದೆಯೇ ಕೂಡಿಸಿ, ಒಬ್ಬರೇ ಬಚ್ಚಲಿಗೆ ನಡೆದರು. ನಾಲ್ಕು ಹೆಜ್ಜೆ. ಹೊಸ್ತಿಲು ದಾಟುವಾಗ ವಾಲಿದರು. ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಗಿ ಏನು ಬಂತು?

ಸೊಂಟದ ಎಲುಬು ಮುರಿಯಿತು. ಆಪರೇಷನ್ ತಡೆಯುವ ಹೃದಯ ಅದಲ್ಲ, ಇನ್ನು ಹಾಸಿಗೆಯೇ ಗತಿ ಎಂದರು ಡಾಕ್ಟರು.

ನನ್ನನ್ನು ಮರಳಿಸಲು ಬಂದ ಫಕೀರವ್ವನನ್ನು, ದಿನಾ ಬೆಳಿಗ್ಗೆ ಅವರು ಹೇಗೆ ನಿಲ್ಲುತ್ತಿದ್ದರು ಎಂದು ಮೇಡಂ ಮೆಲ್ಲಗೆ ವಿಚಾರಿಸಿದರು.

"ಅವ್ರ ಒಬ್ರ ನಿಂತಿದ್ರರೀ. ನಾ ಬರೇ ಉಡದಾರ ಹಿಡ್ಕೊಂಡಿದ್ದೆ, ಅಷ್ಟ."

ಮೇಡಂ ನನ್ನನ್ನು ಬೆಲ್ಟಿನಿಂದ ಬಿಚ್ಚಿ ಡ್ರಾಯರಿನೊಳಗೆ ಇಟ್ಟರು. ಆಮೇಲೆ, "ಮೊಬೈಲ ಕೆಟ್ಟಿತ್ತವ್ವಾ. ನಿಮ್ಮದೇನೂ ತಪ್ಪಿಲ್ಲ," ಎಂದರು.

ಅಂದಿನಿಂದ ನಾನು ಕೆಟ್ಟ ಮೊಬೈಲ್. ಡ್ರಾಯರಿನಲ್ಲಿ ಮುರಿದ ಬಿಪಿ ಮಷೀನಿನ ಪಕ್ಕ ಬಿದ್ದಿದ್ದೇನೆ, ಬ್ಯಾಟರಿ ಉಬ್ಬಿದೆ. ಮಾತ್ರೆ ಒಯ್ಯಲು ಬಂದಾಗಲೆಲ್ಲ ಫಕೀರವ್ವ ನನಗೆ ಹಿಡಿಶಾಪ ಹಾಕುವುದು ಇಲ್ಲಿಗೂ ಕೇಳಿಸುತ್ತದೆ. ಹಾಕಲಿ. ನಾನು ಕೆಟ್ಟಿರಲಿಲ್ಲ ಎಂದು ತಿಳಿದರೆ, ಗಂಡನಿಗೆ ದಿನಾ ತುತ್ತು ಉಣಿಸುವ ತಮ್ಮ ಕೈಗೇ ಅವರು ಆ ಶಾಪ ಹಾಕಬೇಕಾಗುತ್ತದೆ.