ಎಲ್ಲರೂ ಚೆನ್ನಾಗಿದ್ದೇವೆ

ನಮ್ಮದು ಹೊಲಿಗೆಯವರ ಮನೆ. ಮುಂದಿನ ಕೋಣೆಯಲ್ಲಿ ಮೂರು ಮಿಷನ್, ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೇಜಿನ ಹಿಂದೆ ನಿಲ್ಲುವವರು ನಮ್ಮ ಮಾವ. ಬೀದಿಗೆಲ್ಲ ಅವರು ಕಟಿಂಗ್ ಮಾಸ್ಟರ್. ಮಿಷನ್ನುಗಳ ಮೇಲೆ ನಾನು, ನನ್ನ ಗಂಡ, ನನ್ನ ಓರಗಿತ್ತಿ. ಹೊಲಿದದ್ದನ್ನು ಗಂಟು ಕಟ್ಟಿ ಅಂಗಡಿಗಳಿಗೆ ಮುಟ್ಟಿಸುವವನು ಮೈದುನ.

ಓರಗಿತ್ತಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದೆವು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೂತಲ್ಲಿ ಕೂರುವವಳಲ್ಲ, ಬಾಯಿ ಸುಮ್ಮನಿರುವುದಂತೂ ಇಲ್ಲವೇ ಇಲ್ಲ. "ಅಕ್ಕ, ನೀವು ಹೊಲಿದ ಕಾಜದಲ್ಲಿ ಗುಂಡಿ ಏನು, ಇಲೀನೂ ಓಡಾಡಬಹುದು" ಎಂದು ನನ್ನನ್ನೇ ಛೇಡಿಸುತ್ತಿದ್ದಳು. ಮಾವ ಗದರಿದರೆ ಎರಡು ನಿಮಿಷ ತೆಪ್ಪಗಿದ್ದು ಮತ್ತೆ ಶುರು. ಅವಳು ಬಂದ ಮೇಲೆ ಆ ಕೋಣೆಯಲ್ಲಿ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಆ ವರ್ಷ ಹೊಸ ತಳಿಯ ಫ್ಲೂ ಬಂತು. ಬಂದದ್ದು ಒಂದು ಜ್ವರ, ಅದಕ್ಕೆ ಹುಟ್ಟಿಕೊಂಡ ವೈದ್ಯರು ಸಾವಿರ. ಒಬ್ಬರು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಿ ಎಂದರು. ಇನ್ನೊಬ್ಬರು ಬಿಸಿಲಲ್ಲಿ ನಾಲಿಗೆ ಚಾಚಿ ನಿಲ್ಲಿ ಎಂದು ಫೋನಿನಲ್ಲಿ ಕಳಿಸಿದರು. ಬಸ್ಸಿನಲ್ಲಿ ಸೀನಿದವನನ್ನು ನಡುದಾರಿಯಲ್ಲಿ ಇಳಿಸಿದರು. ಎದುರುಮನೆಯ ಬೇಕರಿಯಣ್ಣ ಬ್ರೆಡ್ಡನ್ನು ಇಕ್ಕಳದಲ್ಲಿ ಹಿಡಿದು ಕೊಡತೊಡಗಿದ. ಶಾಲೆಗಳು ಮುಚ್ಚಿದವು, ನಮ್ಮ ಯೂನಿಫಾರ್ಮ್ ಹೊಲಿಗೆ ನಿಂತಿತು. ಮಾವ ಒಂದೇ ದಿನದಲ್ಲಿ ಮಾಸ್ಕ್ ಹೊಲಿಯುವುದಕ್ಕೆ ತಿರುಗಿದರು. ಇಡೀ ಬೀದಿಯ ಮೂಗಿನ ಮೇಲೆ ನಮ್ಮ ಮನೆಯ ಬಟ್ಟೆಯೇ ಇತ್ತು.

ಅಡ್ಡಹಗ್ಗದ ಹಳೆಯ ಪದ್ಧತಿಯನ್ನು ಮತ್ತೆ ತಂದವರೂ ಮಾವನೇ. "ನಮ್ಮ ತಾತನ ಕಾಲದಲ್ಲಿ ಜ್ವರದ ಮನೆಗೆ ಅಡ್ಡಹಗ್ಗ ಕಟ್ತಿದ್ರು. ಇಪ್ಪತ್ತೊಂದು ದಿನ ಒಳಗಿನವರು ಹೊರಗೆ ಬರಂಗಿಲ್ಲ, ಹೊರಗಿನವರು ಹತ್ರ ಸುಳಿಯಂಗಿಲ್ಲ. ಹಿರಿಯರೇನು ದಡ್ಡರಾ?" ಎಂದರು. ಬೀದಿ ಹೂಂಗುಟ್ಟಿತು. ಮೊದಲು ಸಿಕ್ಕಿದ್ದು ಇಸ್ತ್ರಿ ಮಾಡುವವಳ ಮನೆ. ಅವಳ ಗಂಡನಿಗೆ ಜ್ವರ. ಮಾವ ತಾವೇ ನಿಂತು ಬಾಗಿಲಿಗೆ ಹಗ್ಗ ಬಿಗಿದರು. ಇಸ್ತ್ರಿಗೆ ಕೊಟ್ಟ ಬಟ್ಟೆಗಳನ್ನು ಜನ ಕೋಲಿನಲ್ಲಿ ಎತ್ತಿಕೊಂಡು ಹೋದರು. ಬೀದಿ ನಲ್ಲಿಗೆ ಅವಳು ಬರಕೂಡದು ಎಂದಾಯಿತು. ಹಗ್ಗದ ಆಚೆ ಖಾಲಿ ಕೊಡ ಹಿಡಿದು ನಿಂತು ಅವಳು ಹೋಗಿ ಬರುವವರ ಮುಖ ನೋಡುತ್ತಿದ್ದಳು. ನಾನೂ ತುಂಬಿದ ಕೊಡ ಹೊತ್ತು ಅವಳೆದುರೇ ಹಾದು ಬಂದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಆ ಮನೆಯಲ್ಲಿ ಯಾರೂ ಇರಲಿಲ್ಲ. ಜ್ವರದ ಗಂಡನನ್ನು ಕಟ್ಟಿಕೊಂಡು ಎಲ್ಲಿಗೆ ಹೋದಳೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಒಬ್ಬರು ಮನೆಮನೆಗೆ ಬರುತ್ತಿದ್ದರು. ಹೆಗಲಲ್ಲಿ ಮಾತ್ರೆಯ ಚೀಲ, ಕೈಯಲ್ಲಿ ದಪ್ಪ ಪುಸ್ತಕ. ಈ ಸುದ್ದಿ ಕೇಳಿ ನೇರವಾಗಿ ಮಾವನ ಮೇಜಿನೆದುರು ಬಂದು ನಿಂತರು.

"ಮಾಸ್ಟರೇ, ಹಗ್ಗ ನೋಡಿ ಜ್ವರ ಹೆದರಲ್ಲ, ಜನ ಹೆದರ್ತಾರೆ. ಹೆದರಿದವರು ಮುಚ್ಚಿಡ್ತಾರೆ. ಜ್ವರ ಬಂದ ಎರಡು ದಿನದೊಳಗೆ ಈ ಮಾತ್ರೆ ಶುರುವಾದ್ರೆ ಹೆಚ್ಚಿನವರು ಉಳ್ಕೋತಾರೆ. ಕಾಯಿಲೆಯವರು ಬೇರೆ ಕೋಣೇಲಿರಲಿ, ಬೇಡ ಅನ್ನಲ್ಲ. ಆದ್ರೆ ನೀರು, ಹಾಲು, ಔಷಧಿ ಬಾಗಿಲಿಗೆ ಹೋಗ್ಬೇಕಲ್ವಾ?"

ಮಾವ ಕತ್ತರಿ ಕೆಳಗಿಡಲಿಲ್ಲ. "ನೀವೂ ಸೂಜಿಯವರು, ನಾನೂ ಸೂಜಿಯವನು ಸಿಸ್ಟರ್. ಹುಳ ಹಿಡಿದ ತುಂಡು ಕತ್ತರಿಸಿ ಎಸೆದ್ರೆ ತಾನೇ ಇಡೀ ಬಟ್ಟೆ ಥಾನು ಉಳಿಯೋದು?"

"ನಾಳೆ ನಿಮ್ಮನೆ ತುಂಡಿಗೇ ಹಿಡಿದ್ರೆ?"

"ನಮ್ಮನೇಲಿ ಎಲ್ಲ ಚೊಕ್ಕಟ" ಎಂದರು ಮಾವ.

ವಾರ ಕಳೆಯಲಿಲ್ಲ. ಒಂದು ಸೋಮವಾರ ಬೆಳಗ್ಗೆ ಗುಬ್ಬಿ ಮಾತಾಡದೆ ಎದ್ದಳು. ಹಣೆ ಮುಟ್ಟಿದೆ, ಕಾವಲಿ ಮುಟ್ಟಿದ ಹಾಗಿತ್ತು. ಮಾವನಿಗೆ ಹೇಳಿದೆ. "ಬರೀ ಶೀತ ಅದು. ಕೂತು ಕೆಲಸ ಮಾಡಲಿ, ಬೆವರಿದ್ರೆ ಇಳಿಯುತ್ತೆ" ಎಂದರು. ಅವಳು ಗೋಡೆಗೊರಗಿ ಕೂತು ಸಂಜೆಯ ತನಕ ಮಾಸ್ಕಿಗೆ ಎಲಾಸ್ಟಿಕ್ ಪೋಣಿಸಿದಳು. ನಡುನಡುವೆ ಕೆಮ್ಮಿದಳು. ಹನ್ನೆರಡು ಹನ್ನೆರಡಾಗಿ ಕಟ್ಟಿದ ಆ ಗಂಟುಗಳನ್ನೇ ಮೈದುನ ಅಂಗಡಿಗಳಿಗೆ ಕೊಟ್ಟು ಬಂದ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಜನರ ಮೂಗು ಕಾಯುವ ಬಟ್ಟೆಯನ್ನು ನಾವು ಜ್ವರದವಳ ಕೈಯಲ್ಲಿ ಕಟ್ಟಿಸಿ ಮಾರಿದೆವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ನಮ್ಮದು ಅದಕ್ಕಿಂತ ಕಡೆ.

ಮಂಗಳವಾರ ಅವಳಿಂದ ಕೂರಲೂ ಆಗಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ಮಾವ ಒಂದು ಕಟ್ಟಳೆ ಮಾಡಿದರು: ಒಳಗೆ ಕೆಮ್ಮು ಕೇಳಿಸಿತೋ, ಮುಂದೆ ಮಿಷನ್ ತುಳಿಯಬೇಕು. ದಾರ ಇರಲಿ ಬಿಡಲಿ, ಬಟ್ಟೆ ಇರಲಿ ಬಿಡಲಿ. ಅವಳು ಕೆಮ್ಮಿದಷ್ಟು ಹೊತ್ತು ನಾನೂ ನನ್ನ ಗಂಡನೂ ಬರಿಯ ಮಿಷನ್ ತುಳಿದೆವು.

"ಅಪ್ಪ, ಆಸ್ಪತ್ರೆಗಾದ್ರೂ..." ಎಂದು ಮೈದುನ ಬಾಯಿ ತೆರೆದ.

"ಹೋಗು. ನಮ್ಮನೆಗೆ ಹಗ್ಗ ಬೀಳುತ್ತೆ. ನಾನೇ ಕಟ್ಟಿಸಿದ ಹಗ್ಗ. ಬೀದಿಯವರು ಕೈ ತಟ್ಟಿ ನಗ್ತಾರೆ. ನಿನ್ ಮಾಸ್ಕ್ ಯಾರು ಮೂಸಿ ನೋಡ್ತಾರೆ ಆಮೇಲೆ? ಎರಡು ದಿನ ತಡ್ಕೊಳ್ಳೋ, ಹರೇದ ಮೈ, ತಾನಾಗೇ ಏಳ್ತಾಳೆ."

ಹತ್ತು ಗಂಟೆಗೆ ಸಿಸ್ಟರ್ ಬಂದರು. ಮಾವ ಕಣ್ಣಲ್ಲೇ ನನಗೆ ಸನ್ನೆ ಮಾಡಿದರು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಎಲ್ಲ ಹೇಗಿದ್ದೀರಮ್ಮಾ? ನಿಮ್ಮ ಗುಬ್ಬಿ ಎಲ್ಲಿ, ಸದ್ದೇ ಇಲ್ಲ?"

"ತವರಿಗೆ ಹೋಗಿದ್ದಾಳೆ."

"ಯಾರಿಗೂ ಜ್ವರ, ಕೆಮ್ಮು?"

ಒಳಗಿನಿಂದ ಕೆಮ್ಮು ಬಂತು. ನನ್ನ ಗಂಡ ಮಿಷನ್ ತುಳಿದರು. ಸಿಸ್ಟರ್ ಚೀಲದ ಬಾಯಿ ತೆರೆದೇ ಇತ್ತು, ಮಾತ್ರೆಯ ಹಾಳೆಗಳು ಕಾಣುತ್ತಿದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮಾವನ ಭಯವೊಂದೇ ಆಗಿದ್ದರೆ ದಾಟುತ್ತಿದ್ದೆನೋ ಏನೋ. ಹಗ್ಗದ ಆಚೆ ಕೊಡ ಹಿಡಿದು ನಿಂತವಳಾಗಿ ನನ್ನನ್ನೇ ಕಂಡೆ.

"ಇಲ್ಲ ಸಿಸ್ಟರ್. ಎಲ್ಲರೂ ಚೆನ್ನಾಗಿದ್ದೀವಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋದರು.

ಒಳಗೆ ಹೋದಾಗ ಗುಬ್ಬಿ ಕಣ್ಣು ಬಿಟ್ಟಿದ್ದಳು. "ಸಿಸ್ಟರ್ ಬಂದಿದ್ರಾ ಅಕ್ಕ?"

"ಹೂಂ."

"ಏನಂದ್ರಿ?"

ನಾನು ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕುತ್ತಿದ್ದೆ. ಅವಳಿಗೆ ಅರ್ಥವಾಯಿತು.

"ಇರಲಿ ಬಿಡಿ. ನಾಳೆನೂ ಬರ್ತಾರಲ್ಲ" ಎಂದಳು.

ಮರುದಿನ ಸಿಸ್ಟರ್ ಬರಲಿಲ್ಲ. ಜ್ವರ ಹೆಚ್ಚಿದ ಇನ್ನೊಂದು ಬಡಾವಣೆಗೆ ಅವರನ್ನು ಹಾಕಿದ್ದರು. ನಮ್ಮ ಬೀದಿಯಲ್ಲಿ ಎಲ್ಲ ಮನೆಯವರೂ ಚೆನ್ನಾಗಿದ್ದೇವೆ ಎಂದು ಬರೆಸಿದ್ದರಂತೆ. ಚೆನ್ನಾಗಿರುವ ಬೀದಿಗೆ ಅವರಾದರೂ ಯಾಕೆ ಬರಬೇಕು?

ಗುರುವಾರ ಮಧ್ಯಾಹ್ನ ಅವಳ ತುಟಿ ನೀಲಿಯಾಯಿತು. ಒಂದೊಂದು ಉಸಿರಿಗೂ ಹೆಗಲು ಎದ್ದೆದ್ದು ಬೀಳುತ್ತಿತ್ತು. ಮೈದುನ ಅಪ್ಪನ ಕಾಲು ಹಿಡಿದುಕೊಂಡ. ಮಾವನ ಮುಖವೂ ಬಿಳಿಚಿತ್ತು. ಕೆಟ್ಟವರೆಂದು ಅವರನ್ನು ಬೈದು ನಾನು ಹಗುರಾಗಲಾರೆ. ಅವರಿಗೂ ಸೊಸೆ ಬದುಕಬೇಕಿತ್ತು, ಯಾರೂ ನೋಡದ ಹಾಗೆ ಬದುಕಬೇಕಿತ್ತು.

"ಆಯ್ತು, ಕರ್ಕೊಂಡು ಹೋಗೋಣ. ಸ್ವಲ್ಪ ಕತ್ತಲಾಗಲಿ. ಹಿಂದಿನ ಬಾಗಿಲಿಗೆ ಆಟೋ ತರೋಣ" ಎಂದರು.

ಕತ್ತಲಾಗುವುದನ್ನು ಕಾಯುತ್ತ ನಾಲ್ವರೂ ಕೂತೆವು. ನಾನೂ ಕೂತೆ. ಬಿಸಿಲು ಕಿಟಕಿಯಿಂದ ಅಲ್ಲಾಡಲೇ ಇಲ್ಲ. ನಾಲ್ಕು ಗಂಟೆಗೆ ಗುಬ್ಬಿ ಹೋಗಿಬಿಟ್ಟಳು.

ಊರು ಕೊಳ್ಳೆ ಹೋದ ಮೇಲೂ ಮಾವ ಕೋಟೆ ಬಾಗಿಲು ಹಾಕಲು ನಿಂತರು. "ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಯ್ತು. ಎಲ್ಲರೂ ಇದನ್ನೇ ಹೇಳಬೇಕು." ಅಳುತ್ತಲೇ ಹೇಳಿದರು.

ಮಗಳು ಬಚ್ಚಲಲ್ಲಿ ಬಿದ್ದಳೆಂಬ ಸುದ್ದಿ ಕೇಳಿ ಶುಕ್ರವಾರ ಬೆಳಗ್ಗೆ ಗುಬ್ಬಿಯ ತಾಯಿ ಬಂದರು. ಮುಂದಿನ ಕೋಣೆಯಲ್ಲಿ ಮಿಷನ್ನುಗಳನ್ನು ಸರಿಸಿ ಅವಳನ್ನು ಮಲಗಿಸಿದ್ದೆವು. ಬಾಗಿಲ ತುಂಬ ಬೀದಿಯ ಜನ. ಆ ತಾಯಿ ಮಗಳ ತಲೆಯನ್ನು ತೊಡೆಗೆ ಎತ್ತಿಕೊಂಡು, ಕೂದಲು ಬಿಡಿಸಿ ಬೆರಳಲ್ಲಿ ತಡವತೊಡಗಿದರು. ಮುಂದೆ, ಹಿಂದೆ, ಕಿವಿಯ ಹತ್ತಿರ.

"ಎಲ್ಲಿ ಪೆಟ್ಟಾಗಿದ್ದು? ಯಾವ ಕಡೆ ಬಿದ್ಲು? ನಂಗೆ ಸಿಗ್ತಿಲ್ಲ, ಯಾರಾದ್ರೂ ತೋರಿಸ್ರಮ್ಮಾ."

ನನ್ನಿಂದ ತಡೆಯಲಾಗಲಿಲ್ಲ.

"ಬಿದ್ದಿಲ್ಲ ಅಮ್ಮಾ. ಜ್ವರ. ಸೋಮವಾರದಿಂದ ಇತ್ತು. ಬಾಗಿಲಿಗೆ ಹಗ್ಗ ಬೀಳುತ್ತೆ ಅಂತ ಹೆದರಿ ನಾವು ಬಚ್ಚಿಟ್ವಿ."

"ಬಾಯಿ ಮುಚ್ಚು!" ಎಂದರು ಮಾವ.

"ಸಿಸ್ಟರ್ ಬಾಗಿಲಿಗೇ ಬಂದಿದ್ರು, ಮಾತ್ರೆ ಹಿಡ್ಕೊಂಡು. ಎಲ್ಲರೂ ಚೆನ್ನಾಗಿದ್ದೀವಿ ಅಂತ ನಾನೇ ಹೇಳಿ ಕಳಿಸ್ದೆ."

ಬಾಗಿಲಲ್ಲಿದ್ದ ಜನ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು. ಒಬ್ಬೊಬ್ಬರೂ ಮೂಗಿಗೆ ಬಟ್ಟೆ ಒತ್ತಿಕೊಂಡು ಹೊರಟೇ ಹೋದರು. ಆ ತಾಯಿ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಮಾತು ಹೇಳಿ ಕಳಿಸಿದ್ರೆ ನಾನು ಬರ್ತಿದ್ನಲ್ಲಮ್ಮಾ" ಎಂದರು. "ಹಗ್ಗ ಇದ್ರೇನು? ಕೆಳಗಿಂದ ನುಸುಳಿ ಬರ್ತಿದ್ದೆ."

ನಾನು ಅಂಗಳಕ್ಕೆ ಓಡಿಬಂದೆ. ಅಲ್ಲಿ ಬೇಕರಿಯಣ್ಣ ಒಬ್ಬನೇ ಉಳಿದಿದ್ದ. ಅತ್ತ ಇತ್ತ ನೋಡಿ, ನನ್ನ ಹತ್ತಿರ ಬಂದು, ಪಿಸುಗುಟ್ಟಿದ.

"ಯಾರಿಗೂ ಹೇಳ್ಬೇಡಮ್ಮಾ. ನನ್ ಮಗಳಿಗೆ ನಿನ್ನೆ ಸಂಜೆಯಿಂದ ಮೈ ಸುಡ್ತಿದೆ. ಆ ಸಿಸ್ಟರ್ ಈಗ ಎಲ್ಲಿ ಸಿಗ್ತಾರೆ?"

"ನಿನ್ನೆ ಸಂಜೆಯಿಂದಾನಾ?" ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು. "ಹಾಗಾದ್ರೆ ಇನ್ನೂ ಎರಡು ದಿನ ಆಗಿಲ್ಲ! ಯಾಕೆ ಪಿಸುಗುಡ್ತೀರಿ? ಆಸ್ಪತ್ರೆಗೆ ಎತ್ಕೊಂಡು ಓಡಿ ಅಣ್ಣಾ, ಈಗಲೇ, ಹಗಲಲ್ಲೇ, ಎಲ್ಲರೂ ನೋಡಲಿ!"

ಬೀದಿಯ ಕಿಟಕಿಗಳೆಲ್ಲ ಒಮ್ಮೆಗೇ ತೆರೆದವು. ಅವನು ಮನೆಯೊಳಗೆ ನುಗ್ಗಿ, ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ನಡುಬೀದಿಯಲ್ಲೇ ಓಡಿದ.

ನಾನು ಒಳಗೆ ಬಂದೆ. ಆ ತಾಯಿ ಇನ್ನೂ ಮಗಳ ಕೂದಲು ಬಿಡಿಸಿ ಪೆಟ್ಟು ಹುಡುಕುತ್ತಿದ್ದರು.