ಇಬ್ಬರು ಮಕ್ಕಳ ತಾಯಿ

ಶರಣಮ್ಮ ಚುನಾವಣೆಗೆ ನಿಲ್ಲುತ್ತಾಳೆಂಬ ಸುದ್ದಿ ಕೇಳಿ ಮೊದಲು ನಕ್ಕವನು ಅವಳ ಗಂಡ ಅವ್ವಣ್ಣನೇ. "ಮನ್ಯಾಗಿನ ಕಾರಭಾರ ಸಾಲಲಿಲ್ಲೇನು, ಪುಣೆದ್ದೂ ನೋಡ್ಕೋತಿ?" ಎಂದ. ಮರುದಿನ ತಾನೇ ಗೌಂಡಿ ಕೆಲಸಕ್ಕೆ ರಜೆ ಹಾಕಿ, ಹೆಂಡತಿಗಾಗಿ ಮನೆಮನೆ ತಿರುಗಿದ.

ಪುಣೆಯ ಹಡಪಸರದ ಆಚೆ, ಸೋಲಾಪುರ ರಸ್ತೆಗೆ ಹತ್ತಿಕೊಂಡ ಅವರ ಕೂಲಿಕಾರರ ವಸ್ತಿಯಲ್ಲಿ ಇರುವವರೆಲ್ಲ ಹೆಚ್ಚುಕಡಿಮೆ ಶಹಾಪುರ, ಯಾದಗಿರಿ ಕಡೆಯವರು. ಮಗರಪಟ್ಟಾದ ಎತ್ತರದ ಮನೆಗಳಿಗೆ ಇಟ್ಟಿಗೆ ಹೊತ್ತು, ತಮ್ಮ ಮನೆಗೆ ತಗಡು ಹೊದಿಸಿಕೊಂಡವರು. ಪಂಚಾಯಿತಿ ಇದ್ದ ಕಾಲದಲ್ಲಿ ನೀರು ಬರದಿದ್ದರೆ ಸರಪಂಚನ ಬಾಗಿಲಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತರಾಯಿತು, ಸಂಜೆಯೊಳಗೆ ಟ್ಯಾಂಕರ್ ಬರುತ್ತಿತ್ತು. ಆಮೇಲೆ ರಾಜ್ಯ ಸರಕಾರದವರು ಹೊಸ ಕಾನೂನು ತಂದು ಹಳ್ಳಿಯನ್ನು ಮಹಾನಗರಪಾಲಿಕೆಗೆ ಸೇರಿಸಿದರು. ಪಂಚಾಯಿತಿ ಹೋಯಿತು, ಸರಪಂಚನೂ ಹೋದ, ಪಾಲಿಕೆಯ ಚುನಾವಣೆ ಮಾತ್ರ ವರ್ಷಗಟ್ಟಲೆ ಬರಲಿಲ್ಲ. ಯಾರನ್ನು ಕೇಳಿದರೂ ಆಡಳಿತಾಧಿಕಾರಿಯತ್ತ ಕೈ ತೋರಿಸುವರು. ಆ ಪುಣ್ಯಾತ್ಮನನ್ನು ವಸ್ತಿಯಲ್ಲಿ ಕಂಡವರೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಇರಲಿಲ್ಲ, ಪೂಜಾರಿಯೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಚರಂಡಿ ನೀರು ವಸ್ತಿಯವರು ಕುಡಿಯುವ ಬಾವಿಗೆ ಇಳಿಯಿತು. ನೆರೆಮನೆಯ ಕೂಸಿಗೆ ವಾಂತಿಭೇದಿ ಹತ್ತಿದಾಗ ಶರಣಮ್ಮನೇ ಅದನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು. ದಾರಿಯಲ್ಲೇ ಅವಳ ಕೈಯಲ್ಲಿ ಕೂಸು ತಣ್ಣಗಾಯಿತು. ಆವತ್ತಿನಿಂದ ಅವಳು ಬೇರೆಯೇ ಹೆಂಗಸಾದಳು. ಕೊನೆಗೂ ಚುನಾವಣೆ ಬಂದು, ಹೊಸ ವಾರ್ಡಿನ ನಾಲ್ಕು ಸ್ಥಾನಗಳಲ್ಲಿ ಎರಡು ಹೆಂಗಸರಿಗೆ ಎಂದಾಗ, ಕೇಳಿದವರಿಗೆ "ನಾ ನಿಲ್ತೀನಿ" ಎಂದಳು.

ಅರ್ಜಿ ಹಾಕಿದ ಮೇಲೆ ಎದುರಾಳಿಯ ವಕೀಲ ತಕರಾರು ತೆಗೆದ. ಈಕೆಗೆ ಮೂವರು ಮಕ್ಕಳಿದ್ದಾರೆ, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ನಿಲ್ಲುವಂತಿಲ್ಲ ಎಂದು. ಆ ಕಾನೂನು ಹಳೆಯದೇ. ವಸ್ತಿಯಿಂದ ಯಾರೂ ಈವರೆಗೆ ನಿಂತಿರಲಿಲ್ಲವಾದ್ದರಿಂದ ಯಾರಿಗೂ ಅದರ ಬಿಸಿ ತಟ್ಟಿರಲಿಲ್ಲ, ಅಷ್ಟೆ.

ಶರಣಮ್ಮನಿಗೆ ಇಬ್ಬರು ಗಂಡುಮಕ್ಕಳು. ಅವರ ನಡುವೆ ಭಾಗ್ಯಶ್ರೀ, ಎಲ್ಲರ ಬಾಯಲ್ಲಿ ಭಾಗಿ. ಭಾಗಿಯನ್ನು ಹೆತ್ತವಳು ಶರಣಮ್ಮನ ಅಕ್ಕ ಯಮನವ್ವ. ಹೆತ್ತ ಹಾಸಿಗೆಯಿಂದ ಅವಳು ಏಳಲಿಲ್ಲ. ಆಗ ಹಿರಿಯರು ಮನೆದೇವರ ಜಗುಲಿಯ ಮುಂದೆ ಶರಣಮ್ಮನನ್ನು ಕೂರಿಸಿ, ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ, ಅದರ ಮೇಲೆ ಕೂಸನ್ನು ಮಲಗಿಸಿದರು. "ಇನ್ನ ಮ್ಯಾಲ ಇದು ನಿಂದು. ಯಾರ ಬಾಯಾಗೂ ಬ್ಯಾರೆ ಮಾತು ಬರಬಾರದು" ಎಂದರು. ಚೊಚ್ಚಲ ಮಗ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಇಬ್ಬರಿಗೂ ಹಾಲು ಕೊಟ್ಟಳು. ಶಾಲೆಗೆ ಸೇರಿಸುವಾಗ ತಾಯಿಯ ಹೆಸರು ಕೇಳಿದರೆ ಅವಳು ತನ್ನ ಹೆಸರನ್ನಲ್ಲದೆ ಇನ್ನಾರದ್ದು ಹೇಳಿಯಾಳು? ಉಡಿಗೆ ಬಿದ್ದ ಕೂಸನ್ನು ನನ್ನದಲ್ಲ ಎಂದವಳನ್ನು ಅವರ ಕಡೆ 'ಉಡಿ ಝಾಡಿಸಿದಾಕಿ', ಉಡಿ ಕೊಡವಿದವಳು, ಎನ್ನುತ್ತಾರೆ. ಅಂಥವಳ ಕೈಯ ನೀರನ್ನೂ ಮುಟ್ಟುವುದಿಲ್ಲ.

ವಸ್ತಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಮಹೇಶಕುಮಾರ ಸಂಜೆ ಮನೆಗೆ ಬಂದ. "ಅಕ್ಕಾ, ಶಹಾಪುರ ದವಾಖಾನಿ ದಾಖಲ್ಯಾಗ ಭಾಗಿ ತಾಯಿ ಅಂತ ಯಮನವ್ವನ ಹೆಸರೇ ಅದ. ತರಿಸೀನಿ. ನೀ ಚುನಾವಣಿ ಅಧಿಕಾರಿ ಮುಂದ ಒಂದ ಮಾತು ಹೇಳಿದ್ರ ಮುಗೀತು."

"ಯಾವ ಮಾತೋ?"

"ಈಕಿ ನನ್ನ ಮಗಳಲ್ಲ ಅಂತ."

ಶರಣಮ್ಮ ಎದ್ದು ನಿಂತಳು. "ಅರ್ಜಿ ವಾಪಸ್ ತಗೋ. ಬ್ಯಾಡ ನನಗ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಭಾಗಿ ಕೈ ನಿಲ್ಲಿಸದೆ ಹೇಳಿದಳು: "ಹೇಳಿಬಿಡು ಯವ್ವಾ. ನನಗ ಮೊದಲೇ ಗೊತ್ತದ."

"ಯಾರು ಹೇಳಿದ್ರು?"

"ಯಾರೂ ಇಲ್ಲ. ಮುತ್ಯಾ ಸತ್ತಾಗ ಊರಿಗೆ ಹೋಗಿದ್ವಲ್ಲ, ಹೆಂಗಸರೆಲ್ಲ ನನ್ನ ಮಾರಿ ಹಿಡದು 'ಯಮನವ್ವಾ' ಅಂತ ಅತ್ರು. ಅಷ್ಟರಾಗ ತಿಳೀಲಾರದೇನು?" ರೊಟ್ಟಿಯನ್ನು ಹೆಂಚಿಗೆ ಹಾಕಿ ಮತ್ತೆ ಹೇಳಿದಳು: "ಬಾವಿ ನೀರು ಕುಡದು ಇನ್ನೊಂದು ಕೂಸು ಸಾಯೋದು ಬ್ಯಾಡ."

ಶರಣಮ್ಮ ಒಲೆಯ ಹತ್ತಿರ ಹೋಗಿ ಭಾಗಿಯ ಪಕ್ಕ ಕೂತಳು. ಇಷ್ಟು ವರ್ಷ ತಾನು ಬಚ್ಚಿಟ್ಟದ್ದನ್ನು ಈ ಹುಡುಗಿಯೂ ಬಚ್ಚಿಟ್ಟಿದ್ದಳು, ಅದೂ ತನ್ನ ಸಲುವಾಗಿ.

ವಿಚಾರಣೆಯ ದಿನ ಕಚೇರಿ ಗಿಜಿಗುಡುತ್ತಿತ್ತು. ವಕೀಲ ಶಾಲೆಯ ದಾಖಲೆ ತೋರಿಸಿದ, ಮಹೇಶಕುಮಾರ ದವಾಖಾನೆಯದನ್ನು ಇಟ್ಟ. ಅಧಿಕಾರಿ ಎರಡನ್ನೂ ನೋಡಿ, ಗೋಡೆಗೆ ಒರಗಿ ನಿಂತಿದ್ದ ಭಾಗಿಯನ್ನು ತೋರಿಸಿ ಮರಾಠಿಯಲ್ಲಿ ಕೇಳಿದರು, "ಈ ಹುಡುಗಿ ನಿಮ್ಮ ಮಗಳೇ?"

"ನಾಹೀ" ಎಂದಳು ಶರಣಮ್ಮ.

ಕನ್ನಡದಲ್ಲಿ ಕೇಳಿದ್ದರೆ ಅವಳ ನಾಲಿಗೆ ಏಳುತ್ತಿರಲಿಲ್ಲ. ಮರಾಠಿ ಅವಳಿಗೆ ಸಂತೆಯ ಮಾತು, ಮುಕಾದಮನ ಹತ್ತಿರ ಕೂಲಿಗಾಗಿ ಜಗಳಾಡುವ ಮಾತು. ಅದರಲ್ಲಿ ಎಷ್ಟೋ ಸುಳ್ಳು ಹೇಳಿ ರೂಢಿಯಿತ್ತು. ದವಾಖಾನೆಯ ಕಾಗದದ ಪ್ರಕಾರ ಇದು ಸತ್ಯವಾಗಿತ್ತು, ಅವಳು ಆಡಿದ ಸುಳ್ಳುಗಳಲ್ಲೆಲ್ಲ ದೊಡ್ಡದೂ ಇದೇ.

ವಕೀಲ ಅಷ್ಟಕ್ಕೆ ಬಿಡಲಿಲ್ಲ. "ಹುಡುಗಿಯನ್ನೇ ಕೇಳಿ, ಇವರನ್ನು ಏನೆಂದು ಕರೆಯುತ್ತಾಳೆ ಅಂತ."

ಭಾಗಿ ನೆಟ್ಟಗೆ ನಿಂತು ಹೇಳಿದಳು, "ಮಾವಶೀ."

ತಾಯಿಯ ತಂಗಿ. ಅಧಿಕಾರಿ ತಲೆಯಾಡಿಸಿ ಅರ್ಜಿ ಸಿಂಧು ಎಂದರು. ವಕೀಲ ಹೋಗುವಾಗ, "ಗೆದ್ದರೂ ಕೋರ್ಟಿಗೆ ಎಳೆಯುತ್ತೇವೆ, ವಸ್ತಿಯಲ್ಲಿ ನಮಗೂ ಕಿವಿ ಇವೆ" ಎಂದ. ಅವನ ಮಾತು ಭಾಗಿಯೊಬ್ಬಳನ್ನು ಬಿಟ್ಟು ಯಾರ ಕಿವಿಗೂ ಬೀಳಲಿಲ್ಲ. ವಸ್ತಿಯವರು ಆಗಲೇ ಗುಲಾಲು ಎರಚಿ ಶರಣಮ್ಮನನ್ನು ಟೆಂಪೋಗೆ ಹತ್ತಿಸಿದ್ದರು. ಉಡಿ ಝಾಡಿಸಿದಾಕಿ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಅಷ್ಟು ಹಗುರಾಗುತ್ತಿತ್ತೋ ಏನೋ.

ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡಳು. ಭಾಗಿ ತಾಟಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ ಮುಂದಿಟ್ಟಳು.

"ಉಣ್ಣು, ಚಿಗವ್ವ."

ಶರಣಮ್ಮ ತಲೆ ಎತ್ತಿದಳು. "ಈಗ ಯಾರಿಲ್ಲ ಭಾಗೀ. ಯವ್ವಾ ಅನ್ನು."

"ಬ್ಯಾಡ" ಎಂದಳು ಭಾಗಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ರಮಿಸಬಹುದಿತ್ತು. "ಮನ್ಯಾಗ ಅಂದ್ರ ಹೊರಗೂ ಬಾಯಿಗೆ ಬರ್ತದ. ಆ ವಕೀಲಗ ಅಷ್ಟ ಸಾಕು. ಗೆದ್ರ ಐದು ವರ್ಷ ಹಿಂಗ ಅನ್ನಬೇಕು, ರೂಢಿ ಆಗಬೇಕಲ್ಲ?"

ಶರಣಮ್ಮ ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ಹೊರಗೆ ಹೆಂಗಸರು ಪ್ರಚಾರಕ್ಕೆ ಹೊರಡಲು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಭಾಗಿ ಸೆರಗಿನಂತೆ ಹೊದ್ದ ಓಢಣಿ ಸರಿಮಾಡಿಕೊಂಡು ಬಾಗಿಲು ತೆರೆದಳು. ಇಡೀ ವಸ್ತಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ತಡೀರಿ, ನಮ್ಮ ಚಿಗವ್ವ ಉಣ್ಲಾಕತ್ಯಾಳ."